600 ಜಿಬಿ ಫೋಟೋ ಎಲ್ಲಿಡಲಿ: ಹಾರ್ಡ್ ಡಿಸ್ಕೋ, ಎಸ್‌ಎಸ್‌ಡಿಯೋ?

ಪ್ರಶ್ನೆ

ಹದಿನಾಲ್ಕು ವರ್ಷದ ಫೋಟೋ, ವಿಡಿಯೋ ಸೇರಿ ಹತ್ತಿರ ಹತ್ತಿರ 600 ಜಿಬಿ ಇದೆ. ಎಲ್ಲವೂ ಇರುವುದು 1 ಟಿಬಿಯ ಒಂದೇ ಒಂದು ಪೋರ್ಟಬಲ್ ಹಾರ್ಡ್ ಡಿಸ್ಕ್‌ನಲ್ಲಿ. ಅದಕ್ಕೀಗ ಆರು ವರ್ಷ. ಲ್ಯಾಪ್‌ಟಾಪ್‌ನದು 512 ಜಿಬಿ, ಅದರಲ್ಲಿ ಹಿಡಿಯುವುದಿಲ್ಲ. ಕಳೆದ ಎರಡು ವರ್ಷದವು ಮಾತ್ರ ಫೋನ್‌ನಲ್ಲೂ ಇವೆ, ಕ್ಲೌಡ್‌ಗೂ ಸಿಂಕ್ ಆಗುತ್ತಿವೆ.

ಹೊಸದೊಂದು ತಗೊಳ್ಳೋಣ ಅಂತ ವಿಚಾರಿಸಿದರೆ ಒಬ್ಬೊಬ್ಬರದು ಒಂದೊಂದು ಮಾತು. ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಉಳಿಸೋ ಡ್ರೈವ್) ತಗೊಳ್ಳಿ, ಕೈಜಾರಿ ಬಿದ್ದರೂ ಏನೂ ಆಗಲ್ಲ ಅಂತ ಕೆಲವರು. ಎಸ್‌ಎಸ್‌ಡಿಯನ್ನು ಕರೆಂಟ್ ಕೊಡದೆ ಒಂದು ವರ್ಷ ಇಟ್ಟರೆ ಒಳಗಿನದೆಲ್ಲ ತಾನಾಗಿಯೇ ಅಳಿಸಿಹೋಗುತ್ತೆ ಅಂತ ಇನ್ನು ಕೆಲವರು. ಯಾವುದನ್ನು ನಂಬಲಿ? 256 ಜಿಬಿಯ ಪೆನ್ ಡ್ರೈವ್ ಮೂರು ತಗೊಂಡರೆ ಆಗಲ್ವಾ? ಮನೆಯಲ್ಲಿ ವಿಂಡೋಸ್, ಮ್ಯಾಕ್ ಎರಡೂ ಇವೆ, ಎರಡರಲ್ಲೂ ತೆರೆಯಬೇಕು. ಯಾವ ಫಾರ್ಮ್ಯಾಟ್ ಮಾಡಬೇಕು ಅನ್ನೋದನ್ನೂ ತಿಳಿಸಿ.

ಉತ್ತರ 1

ಯಾವುದು ತಗೊಳ್ಳಬೇಕು ಅನ್ನೋದನ್ನು ಸ್ವಲ್ಪ ಆಮೇಲೆ ನೋಡೋಣ. ಈಗ ನಿಮ್ಮ ಹತ್ತಿರ ಇರೋದು ಒಂದೇ ಪ್ರತಿ. ಅದಕ್ಕೆ ಬ್ಯಾಕಪ್ ಅನ್ನೋಕೆ ಬರಲ್ಲ, ಅದೇ ಮೂಲ. ಮೊದಲು ಆ ಡಿಸ್ಕ್‌ನ ಆರೋಗ್ಯ ನೋಡಿ.

ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಡಿಸ್ಕ್ ಪರೀಕ್ಷಿಸೋ ಪ್ರೋಗ್ರಾಂ ಹಾಕಿ ತೆರೆಯಿರಿ. ಮೇಲೆ ನೀಲಿ ಬಣ್ಣದಲ್ಲಿ ‘ಗುಡ್’ ಅಂತ ಬಂತು ಅಂತ ಅಲ್ಲಿಗೇ ಬಿಡಬೇಡಿ, ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ಹುಡುಕಿ. 05 ಅಂದರೆ ಕೆಟ್ಟ ಸೆಕ್ಟರ್‌ಗಳನ್ನು (ಮಾಹಿತಿ ಬರೆಯೋ ಚಿಕ್ಕ ತುಂಡುಗಳನ್ನು) ಬಿಟ್ಟು ಬದಲಿ ಜಾಗಕ್ಕೆ ಹೋದ ಲೆಕ್ಕ. ಸಿ5 ಅಂದರೆ ಓದೋಕೆ ಆಗದೆ ಬಾಕಿ ಉಳಿದ ಸೆಕ್ಟರ್‌ಗಳು. ಸಿ6 ಅಂದರೆ ಓದಿ ಸರಿಪಡಿಸೋಕೆ ಆಗದೇ ಹೋದವು. ಸಿ7 ಡಿಸ್ಕ್‌ನದಲ್ಲ, ಸಾಗಣೆಯ ತಪ್ಪು. ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್‌ನದು. ಬೇರೆ ಕಡೆ ಇವೇ ನಾಲ್ಕನ್ನು 5, 197, 198, 199 ಅಂತ ಬರೆದಿರುತ್ತಾರೆ, ಎರಡೂ ಒಂದೇ. ಬಲತುದಿಯ ‘ರಾ ವ್ಯಾಲ್ಯೂ’ ಕಾಲಂನಲ್ಲಿ ಮೊದಲ ಮೂರಕ್ಕೂ ಬರೀ ಸೊನ್ನೆ ಇರಬೇಕು. ಆ ಕಾಲಂ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತೆ, 10 ಅಂತ ಕಂಡರೆ ಅದು ಹದಿನಾರು.

ಮ್ಯಾಕ್, ಲಿನಕ್ಸ್‌ನಲ್ಲಾದರೆ ಸ್ಮಾರ್ಟ್‌ಮಾನ್‌ಟೂಲ್ಸ್. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕ್ ಆದ್ದರಿಂದ ಡಿವೈಸ್ ಟೈಪ್ ‘ಸ್ಯಾಟ್’ ಅಂತ ಕೊಡಬೇಕಾಗಬಹುದು. ಮ್ಯಾಕ್‌ನಲ್ಲಿ ಯುಎಸ್‌ಬಿ ಡಿಸ್ಕ್‌ಗಳಿಗೆ ಇದು ಬಹಳ ಸಲ ಕೆಲಸವೇ ಮಾಡಲ್ಲ, ಹಾಗಾಗಿ ವಿಂಡೋಸ್‌ನಲ್ಲೇ ನೋಡಿಬಿಡಿ.

ನೋಡಿ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಆ ಡಿಸ್ಕ್‌ಗೆ ಹೊಸದಾಗಿ ಏನನ್ನೂ ಬರೆಯಬೇಡಿ.

ಉತ್ತರ 2

ಎಸ್‌ಎಸ್‌ಡಿ ಒಂದು ವರ್ಷಕ್ಕೆ ಅಳಿಸಿಹೋಗುತ್ತೆ ಅನ್ನೋ ಮಾತಿಗೆ ಒಂದು ಮೂಲ ಇದೆ. ಆದರೆ ಅದನ್ನು ಅರ್ಧ ಓದಿ ಹರಡಿದ್ದಾರೆ.

ಎಸ್‌ಎಸ್‌ಡಿಯಲ್ಲಿ ಮಾಹಿತಿ ಕೂರೋದು ನ್ಯಾಂಡ್ ಅನ್ನೋ ಚಿಪ್‌ನ ಕೋಶಗಳಲ್ಲಿ ಸೆರೆಸಿಕ್ಕ ಎಲೆಕ್ಟ್ರಾನ್‌ಗಳ ರೂಪದಲ್ಲಿ. ಅವು ನಿಧಾನವಾಗಿ ಸೋರುತ್ತವೆ. ಎಷ್ಟು ನಿಧಾನ ಅನ್ನೋದು ಮುಖ್ಯವಾಗಿ ಎರಡರ ಮೇಲೆ ನಿಂತಿದೆ: ಆ ಕೋಶವನ್ನು ಈಗಾಗಲೇ ಎಷ್ಟು ಸಲ ಅಳಿಸಿ ಬರೆದಿದ್ದಾರೆ, ಮತ್ತು ಇಟ್ಟ ಜಾಗ ಎಷ್ಟು ಬಿಸಿ. ಚಿಪ್‌ಗಳಿಗೆ ಮಾನದಂಡ ಮಾಡೋ ಜೆಡೆಕ್ ಸಂಸ್ಥೆಯ ಜೆಇಎಸ್‌ಡಿ218 ಮಾನದಂಡ ಹೇಳೋದು ಇಷ್ಟು: ಮನೆಬಳಕೆಯ ಎಸ್‌ಎಸ್‌ಡಿ ತನ್ನ ಬರಹದ ಆಯಸ್ಸು ಪೂರ್ತಿ ಮುಗಿಸಿದ ಮೇಲೂ, ಕರೆಂಟ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಳ್ಳಬೇಕು. ಸರ್ವರ್‌ಗಳ ಎಸ್‌ಎಸ್‌ಡಿಗೆ 40 ಡಿಗ್ರಿಯಲ್ಲಿ ಮೂರು ತಿಂಗಳು. ‘ಆಯಸ್ಸು ಮುಗಿಸಿದ ಮೇಲೂ’ ಅನ್ನೋ ಮಾತು ಬಿಟ್ಟುಹೋಗಿ ‘ಒಂದು ವರ್ಷ’ ಮಾತ್ರ ಬಾಯಿಂದ ಬಾಯಿಗೆ ಹೋಯಿತು.

ನಿಮ್ಮ ಲೆಕ್ಕಕ್ಕೆ ಹಾಕಿ ನೋಡಿ. 1 ಟಿಬಿಯ ಒಂದು ಸಾಧಾರಣ ಟಿಎಲ್‌ಸಿ (ಒಂದು ಕೋಶಕ್ಕೆ ಮೂರು ಬಿಟ್) ಎಸ್‌ಎಸ್‌ಡಿಗೆ 600 ಟಿಬಿಡಬ್ಲ್ಯು ಅಂತ ಬರೆದಿರುತ್ತಾರೆ, ಅಂದರೆ 600 ಟೆರಾಬೈಟ್ ಬರೆಯೋವರೆಗೂ ಅವರ ಹೊಣೆ. ನೀವು ಬರೆಯೋದು 0.6 ಟೆರಾಬೈಟ್, ಅಂದರೆ ಆಯಸ್ಸಿನ ಸಾವಿರದಲ್ಲಿ ಒಂದು ಪಾಲು. ಅಂಥ ಹೊಸ ಕೋಶಗಳಿಗೆ ಆ ಒಂದು ವರ್ಷದ ಗಡುವು ಅನ್ವಯಿಸಲ್ಲ. ಬೀರುವಿನಲ್ಲಿ ವರ್ಷ ಇಟ್ಟರೆ ಖಾಲಿಯಾಗುತ್ತೆ ಅನ್ನೋದು ಸುಳ್ಳು.

ಹಾಗಂತ ಮರೆತುಬಿಡಬಹುದು ಅಂತಲೂ ಅಲ್ಲ. ಮೂರು ವಿಷಯ ನೆನಪಿರಲಿ.

ಒಂದು, ಟಿಎಲ್‌ಸಿ ಕೋಶದಲ್ಲಿ ಮೂರು ಬಿಟ್ ಇರೋದರಿಂದ ವೋಲ್ಟೇಜಿನ ಎಂಟು ಹಂತಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, ಹದಿನಾರು ಹಂತ. ಹಂತಗಳ ನಡುವಿನ ಸಂದು ಕಿರಿದಾದಷ್ಟೂ ಸ್ವಲ್ಪ ಸೋರಿದರೂ ಪಕ್ಕದ ಹಂತಕ್ಕೆ ಜಾರುತ್ತೆ. ಸುಮ್ಮನೆ ಇಡೋಕೆ ಅಂತ ತಗೊಳ್ಳೋದಾದರೆ ಟಿಎಲ್‌ಸಿ ಅಂತ ಖಚಿತವಾಗಿ ಬರೆದಿರೋದನ್ನೇ ತಗೊಳ್ಳಿ.

ಎರಡು, ಆಗಾಗ ಐದು ನಿಮಿಷ ಲ್ಯಾಪ್‌ಟಾಪ್‌ಗೆ ಚುಚ್ಚಿ ತೆಗೆದರೆ ‘ಚಾರ್ಜ್’ ಆಗುತ್ತೆ ಅನ್ನೋ ನಂಬಿಕೆ ಇದೆ. ಬ್ಯಾಟರಿ ಥರ ಅಲ್ಲ ಅದು. ಕರೆಂಟ್ ಬಂದ ಮಾತ್ರಕ್ಕೆ ಕೋಶಗಳು ತುಂಬಿಕೊಳ್ಳಲ್ಲ. ಡ್ರೈವ್ ಒಳಗಿನ ನಿಯಂತ್ರಣ ಚಿಪ್, ಅಂದರೆ ಕಂಟ್ರೋಲರ್, ಕೋಶಗಳ ಒಂದು ಪುಟವನ್ನು ಓದಿ, ತಪ್ಪು ಬಿಟ್‌ಗಳು ಜಾಸ್ತಿ ಕಂಡರೆ ಅದನ್ನು ಸರಿಪಡಿಸಿ ಬೇರೆ ಕಡೆ ಹೊಸದಾಗಿ ಬರೆಯುತ್ತೆ. ಆ ಅವಕಾಶ ಸಿಗಬೇಕಾದರೆ ವರ್ಷಕ್ಕೊಮ್ಮೆ ಆದರೂ ಎಲ್ಲಾ ಫೈಲ್‌ಗಳನ್ನು ಮೊದಲಿಂದ ಕೊನೆವರೆಗೆ ಓದಿಸಬೇಕು.

ಮೂರು, ಎಸ್‌ಎಸ್‌ಡಿ ಕೆಟ್ಟರೆ ಸಾಮಾನ್ಯವಾಗಿ ಮುನ್ಸೂಚನೆ ಕೊಡಲ್ಲ. ಕಂಟ್ರೋಲರ್ ಹೋದರೆ ಅವತ್ತು ಬೆಳಿಗ್ಗೆ ಇತ್ತು, ಮಧ್ಯಾಹ್ನ ಕಂಪ್ಯೂಟರ್‌ಗೆ ಕಾಣಿಸೋದೇ ಇಲ್ಲ. ತಪ್ಪಿ ಡಿಲೀಟ್ ಮಾಡಿದರೂ ಅಷ್ಟೇ: ಟ್ರಿಮ್ ಆಜ್ಞೆ ಹೋಗಿದ್ದರೆ ಆ ಜಾಗ ಖಾಲಿ ಅಂತ ಕಂಟ್ರೋಲರ್‌ಗೆ ಗೊತ್ತಾಗಿರುತ್ತೆ, ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಓಡಿಸಿದರೂ ಸೊನ್ನೆಗಳೇ ಬರೋದು. ಹಾರ್ಡ್ ಡಿಸ್ಕ್‌ನಲ್ಲಿ ಡಿಲೀಟ್ ಆದ ಫೈಲ್ ಮೇಲೆ ಬೇರೇನೂ ಬರೆಯದಿದ್ದರೆ ಬಹುಪಾಲು ವಾಪಸ್ ಸಿಗುತ್ತೆ.

ಪೆನ್ ಡ್ರೈವ್ ಬೇಡವೇ ಬೇಡ. ಅದರ ಒಳಗೂ ನ್ಯಾಂಡೇ ಇರೋದು, ಆದರೆ ಕಂಟ್ರೋಲರ್ ತೀರಾ ಸಾದಾ, ತಪ್ಪು ತಿದ್ದೋ ಶಕ್ತಿ ಕಡಿಮೆ, ಸ್ಮಾರ್ಟ್ ಅಂಕಿಗಳೂ (ಮೇಲೆ ಹೇಳಿದ 05, ಸಿ5 ಥರದವು) ಸಾಮಾನ್ಯವಾಗಿ ಸಿಗಲ್ಲ. ಜೊತೆಗೆ 600 ಜಿಬಿಯನ್ನು ಮೂರು ಕಡೆ ಹರಿದು ಹಂಚಿದರೆ ಮೂರರಲ್ಲಿ ಯಾವ ಒಂದು ಹೋದರೂ ಒಂದಷ್ಟು ವರ್ಷಗಳೇ ಹೋದಹಾಗೆ. ಈಗಾಗಲೇ ತಂದಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಓಡಿಸಿ ನಿಜವಾದ ಸಾಮರ್ಥ್ಯ ಪರೀಕ್ಷಿಸಿ. ನಕಲಿ ಡ್ರೈವ್‌ಗಳು 256 ಜಿಬಿ ಅಂತ ತೋರಿಸಿಕೊಂಡು ಒಳಗೆ 32 ಜಿಬಿ ಮಾತ್ರ ಇಟ್ಟುಕೊಂಡಿರುತ್ತವೆ. ಆ ಮಿತಿ ದಾಟಿದ ಮೇಲೂ ಕಾಪಿ ಆದಹಾಗೇ ಕಾಣುತ್ತೆ, ಫೈಲ್ ಹೆಸರೂ ಇರುತ್ತೆ, ಒಳಗೆ ಮಾತ್ರ ಏನೂ ಇರಲ್ಲ.

ಉತ್ತರ 3

ಎಸ್‌ಎಸ್‌ಡಿ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೂ ಇಂಥ ಕೆಲಸಕ್ಕೆ ನನ್ನ ಮತ ಹಾರ್ಡ್ ಡಿಸ್ಕ್‌ಗೇ. ವರ್ಷಕ್ಕೆ ನಾಲ್ಕೈದು ಸಲ ತೆಗೆಯೋ ವಸ್ತುವಿಗೆ ಎಸ್‌ಎಸ್‌ಡಿಯ ವೇಗ ಯಾತಕ್ಕೂ ಬರಲ್ಲ. ಒಂದು ಎಸ್‌ಎಸ್‌ಡಿಗೆ ಕೊಡೋ ದುಡ್ಡಿನಲ್ಲಿ ಎರಡು ಹಾರ್ಡ್ ಡಿಸ್ಕ್ ಬರುತ್ತೆ ಅಂದರೆ ಎರಡು ಹಾರ್ಡ್ ಡಿಸ್ಕೇ ತಗೊಳ್ಳಿ. ಒಂದು ಒಳ್ಳೆಯ ಪ್ರತಿಗಿಂತ ಎರಡು ಸಾಧಾರಣ ಪ್ರತಿ ಮೇಲು.

ಬೀಳೋ ಭಯದ ವಿಷಯ. ಹಾರ್ಡ್ ಡಿಸ್ಕ್‌ನ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತೆ. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಉಳಿಯೋದು ಕಷ್ಟ. ಆದರೆ ನಿಂತಿರುವಾಗ ಹೆಡ್‌ಗಳು ತಟ್ಟೆಯ ಹೊರಗಿನ ರ‍್ಯಾಂಪ್ ಮೇಲೆ ಕೂತಿರುತ್ತವೆ, ಆಗ ಪೆಟ್ಟು ತಡೆಯೋ ಶಕ್ತಿ ಎಷ್ಟೋ ಜಾಸ್ತಿ. ಆದ್ದರಿಂದ ನಿಯಮ ಸರಳ: ಕೇಬಲ್ ಹಾಕಿದ್ದಾಗ ಡಿಸ್ಕ್ ಮೇಜಿನ ನಡುವೆ ಚಪ್ಪಟೆಯಾಗಿ ಮಲಗಿರಲಿ, ಲ್ಯಾಪ್‌ಟಾಪ್ ಮೇಲೆ ಇಟ್ಟು ಓಡಾಡಬೇಡಿ. ಇಜೆಕ್ಟ್ ಮಾಡಿದ ಮೇಲೂ ತಿರುಗೋ ಸದ್ದು ನಿಂತು ಹತ್ತು ಸೆಕೆಂಡ್ ಆಗೋವರೆಗೆ ಕೈಗೆತ್ತಿಕೊಳ್ಳಬೇಡಿ.

ಪೋರ್ಟಬಲ್ ಡಿಸ್ಕ್ ಕೊಳ್ಳುವಾಗ ಯಾರೂ ಹೇಳದ ಒಂದು ಸಂಗತಿ ಇದೆ. ಕೆಲವು 2.5 ಇಂಚಿನ ಡಿಸ್ಕ್‌ಗಳಲ್ಲಿ ಒಳಗೆ ಸಾಟಾ (ಡಿಸ್ಕ್ ಜೋಡಿಸೋ ಸಾಮಾನ್ಯ ರೀತಿ) ಕನೆಕ್ಟರ್ ಇರೋದೇ ಇಲ್ಲ, ಯುಎಸ್‌ಬಿ ಪೋರ್ಟನ್ನು ನೇರವಾಗಿ ಡಿಸ್ಕ್‌ನ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಪೋರ್ಟ್ ಅಲುಗಾಡಿ ಕಿತ್ತುಬಂದರೆ ಡಬ್ಬಿ ಬಿಚ್ಚಿ ಬೇರೆ ಕೇಸ್‌ಗೆ ಹಾಕ್ತೀನಿ ಅನ್ನೋಕೆ ಬರಲ್ಲ. ಅದೇ ಮಾದರಿಯ ಬೇರೆ ಬೋರ್ಡ್ ತಂದು ಹಾಕಿದರೂ ಓಡಲ್ಲ, ಯಾಕೆಂದರೆ ಆ ಡಿಸ್ಕ್‌ಗೇ ಹೊಂದಿಸಿದ ಅಂಕಿಗಳು ಹಳೇ ಬೋರ್ಡಿನ ರೋಮ್ (ROM) ಚಿಪ್‌ನಲ್ಲಿ ಕೂತಿರುತ್ತವೆ. ಆ ಚಿಪ್ಪನ್ನೂ ಬಿಡಿಸಿ ಹೊಸ ಬೋರ್ಡ್‌ಗೆ ಕೂರಿಸಬೇಕು. ಇದನ್ನು ತಪ್ಪಿಸಬೇಕು ಅಂದರೆ ಖಾಲಿ ಯುಎಸ್‌ಬಿ-ಸಾಟಾ ಕೇಸ್ ಒಂದು, ಒಳಗೆ ಹಾಕೋಕೆ ಬಿಡಿ ಸಾಟಾ ಡಿಸ್ಕ್ ಒಂದು ತಗೊಳ್ಳಿ. ಕೇಸ್ ಕೆಟ್ಟರೆ ಕೇಸ್ ಬದಲಾಯಿಸಿದರೆ ಆಯಿತು.

ಎಸ್‌ಎಂಆರ್ ಅಂದರೆ ಕೆಟ್ಟದ್ದು ಅಂತ ಓದಿರಬಹುದು. ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕ್ ಮೇಲೆ ಇನ್ನೊಂದನ್ನು ಅರ್ಧ ಹತ್ತಿಸಿ ಬರೆಯೋ ವಿಧಾನ ಅದು. ನಡುವೆ ಒಂದು ಬದಲಾಯಿಸಬೇಕಾದರೆ ಪಕ್ಕದವನ್ನೂ ತಿರುಗಿ ಬರೆಯಬೇಕು, ಅದಕ್ಕೇ ನಿಧಾನ. ಒಮ್ಮೆ ತುಂಬಿಸಿ ಓದುತ್ತಾ ಇರೋ ಫೋಟೋ ಸಂಗ್ರಹಕ್ಕೆ ಅದರಿಂದ ತೊಂದರೆ ಇಲ್ಲ. ಮೊದಲ ಕಾಪಿಯ ಹೊತ್ತಿಗೆ ಕೊನೆಕೊನೆಗೆ ವೇಗ ಬಿದ್ದುಹೋದರೆ ಡಿಸ್ಕ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅಷ್ಟೇ.

ಎರಡೂ ಡಿಸ್ಕ್ ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದದ್ದು ಬೇಡ, ಬೇರೆ ಬೇರೆ ಕಂಪನಿಯದಿರಲಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಸೂರಿನಡಿಯಲ್ಲಿ. ಬೆಂಕಿ, ನೀರು, ಕಳ್ಳತನ ಯಾವುದೂ ಒಂದೇ ಕಪಾಟಿನ ಎರಡು ಡಿಸ್ಕ್‌ಗಳ ನಡುವೆ ಭೇದ ಮಾಡಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೋಡಿದೆ. ಹಳದಿ ಬಣ್ಣದಲ್ಲಿ ‘ಕಾಷನ್’ ಅಂತ ಬರುತ್ತಿದೆ. 05 ಸೊನ್ನೆ, ಸಿ5 ರಾ ವ್ಯಾಲ್ಯೂ 8, ಸಿ6 ಸೊನ್ನೆ. 2013ರ ಒಂದು ಫೋಲ್ಡರ್ ತೆರೆದರೆ ಹಸಿರು ಪಟ್ಟಿ ಅರ್ಧಕ್ಕೆ ನಿಂತು ಕಂಪ್ಯೂಟರೇ ಸ್ತಬ್ಧ ಆಗುತ್ತೆ. ವಿಂಡೋಸ್ ‘ಸ್ಕ್ಯಾನ್ ಅಂಡ್ ಫಿಕ್ಸ್’ ಮಾಡು ಅಂತಿದೆ. ಮಾಡಲಾ?

ಉತ್ತರ 1

ಮಾಡಬೇಡಿ. ಈಗಲೇ ಇಜೆಕ್ಟ್ ಮಾಡಿ ಪಕ್ಕಕ್ಕಿಡಿ.

ಸ್ಕ್ಯಾನ್ ಅಂಡ್ ಫಿಕ್ಸ್ ಅಂದರೆ ಒಳಗೆ ಓಡೋದು ಚೆಕ್‌ಡಿಸ್ಕ್. ಅದಕ್ಕೆ ಬೇಕಾಗಿರೋದು ಫೈಲ್ ಸಿಸ್ಟಂನ ಲೆಕ್ಕ ಸರಿಹೋಗೋದು, ನಿಮ್ಮ ಫೋಟೋ ಉಳಿಯೋದಲ್ಲ. ಓದೋಕೆ ಆಗದ ಜಾಗದಲ್ಲಿ ಫೋಲ್ಡರ್‌ನ ಪಟ್ಟಿ ಇದ್ದರೆ ಅದನ್ನು ಕತ್ತರಿಸಿ ಹಾಕಿ, ಉಳಿದ ತುಂಡುಗಳನ್ನು ‘ಫೌಂಡ್.000’ ಅನ್ನೋ ಫೋಲ್ಡರ್‌ಗೆ ಹೆಸರಿಲ್ಲದೆ ಸುರಿಯುತ್ತೆ. ಅದೂ ಕೆಡುತ್ತಿರೋ ಡಿಸ್ಕ್ ಮೇಲೆಯೇ ಬರೆದು.

ಸಿ5 ಎಂಟು ಅಂದರೆ ಏನಾಗಿದೆ ಹೇಳ್ತೀನಿ. ಎಂಟು ಸೆಕ್ಟರ್‌ಗಳನ್ನು ಓದೋಕೆ ಹೋಗಿ ಡಿಸ್ಕ್ ಸೋತಿದೆ. 512 ಬೈಟ್ ಲೆಕ್ಕದ ಎಂಟು ಸೆಕ್ಟರ್ ಸೇರಿದರೆ 4096 ಬೈಟ್. ಇತ್ತೀಚಿನ ಡಿಸ್ಕ್‌ಗಳ ತಟ್ಟೆ ಮೇಲಿನ ಒಂದು ನಿಜವಾದ ಸೆಕ್ಟರ್ ಅಷ್ಟೇ ದೊಡ್ಡದು. ಹಾಗಾಗಿ ಹೆಚ್ಚಾಗಿ ಇದು ಒಂದೇ ಜಾಗದ ಗಾಯ. ಆ ಜಾಗ ಬಂದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ವಿಂಡೋಸ್ ಕಾಯುತ್ತೆ, ನಿಮಗೆ ಸ್ತಬ್ಧ ಆದಹಾಗೆ ಕಾಣುತ್ತೆ. ಡಿಸ್ಕ್‌ನ ಉಳಿದ ಭಾಗ ಇನ್ನೂ ಚೆನ್ನಾಗಿರೋ ಸಾಧ್ಯತೆ ಜಾಸ್ತಿ. ಆದರೆ ಅದೇ ಫೋಲ್ಡರ್ ಪದೇ ಪದೇ ತೆರೆದರೆ ಗಾಯ ದೊಡ್ಡದಾಗಬಹುದು.

ಮಾಡಬೇಕಾದ್ದು ಹೀಗೆ. 2 ಟಿಬಿಯ ಹೊಸ ಡಿಸ್ಕ್ ತನ್ನಿ. 1 ಟಿಬಿ ಸಾಲದು, ಯಾಕೆಂದರೆ ನಾವು ಫೈಲ್‌ಗಳನ್ನಲ್ಲ, ಇಡೀ ಡಿಸ್ಕ್‌ನ ಪಡಿಯಚ್ಚನ್ನು ಒಂದು ಇಮೇಜ್ ಫೈಲ್ ಆಗಿ ತೆಗೀತೀವಿ, ಅದೇ 1 ಟಿಬಿ ಆಗುತ್ತೆ. ಆಮೇಲೆ ಅದರಿಂದ 600 ಜಿಬಿ ಬಿಡಿಸಿ ತೆಗೆಯೋಕೂ ಅಲ್ಲೇ ಜಾಗ ಬೇಕು. ಒಂದು ಪೆನ್ ಡ್ರೈವ್‌ನಲ್ಲಿ ಲಿನಕ್ಸ್ ಲೈವ್ (ಇನ್‌ಸ್ಟಾಲ್ ಮಾಡದೆ ಓಡೋದು) ಮಾಡಿಕೊಂಡು ಅದರಿಂದ ಕಂಪ್ಯೂಟರ್ ಶುರು ಮಾಡಿ, ಕೆಡುತ್ತಿರೋ ಡಿಸ್ಕ್‌ನ ಪಡಿಯಚ್ಚು ತೆಗೆಯೋ ಗ್ನೂ ಡಿಡಿರೆಸ್ಕ್ಯೂ (ddrescue) ಹಾಕಿಕೊಳ್ಳಿ. ಹಳೇ ಡಿಸ್ಕ್‌ನ ಐಕಾನ್ ಕಂಡರೂ ಒತ್ತಬೇಡಿ, ಮೌಂಟ್ ಆಗದೆ (ಕಂಪ್ಯೂಟರ್ ಅದನ್ನು ತೆರೆಯದೆ) ಇರಲಿ.

ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ (lsblk) ಕೊಟ್ಟು ಯಾವ ಹೆಸರು ಯಾವ ಡಿಸ್ಕ್‌ನದು ಅಂತ ಗಾತ್ರ ನೋಡಿ ಚೀಟಿಯಲ್ಲಿ ಬರೆದುಕೊಳ್ಳಿ. ಡಿಡಿರೆಸ್ಕ್ಯೂನಲ್ಲಿ ಮೊದಲು ಬರೋದು ಮೂಲ, ಎರಡನೆಯದು ಇಮೇಜ್ ಫೈಲ್, ಮೂರನೆಯದು ಮ್ಯಾಪ್ ಫೈಲ್, ಅಂದರೆ ಯಾವ ಜಾಗ ಸಿಕ್ಕಿತು, ಯಾವುದು ಇಲ್ಲ ಅನ್ನೋ ದಾಖಲೆ. ಮೂಲ ಮತ್ತು ಗುರಿ ಅದಲುಬದಲಾದರೆ ಹದಿನಾಲ್ಕು ವರ್ಷದ ಮೇಲೆ ಖಾಲಿ ಡಿಸ್ಕ್ ಬರೆದಹಾಗೆ, ಆಮೇಲೆ ಯಾರ ಕೈಲೂ ಆಗಲ್ಲ. ಎಂಟರ್ ಒತ್ತೋ ಮೊದಲು ಆ ಸಾಲನ್ನು ಚೀಟಿ ಜೊತೆ ಎರಡು ಸಲ ಹೋಲಿಸಿ. ಮ್ಯಾಪ್ ಫೈಲನ್ನೂ ಹೊಸ ಡಿಸ್ಕ್‌ನಲ್ಲೇ ಇಡಿ. ಲೈವ್ ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲಿಟ್ಟರೆ ಕಂಪ್ಯೂಟರ್ ಆಫ್ ಆದೊಡನೆ ಹೋಗುತ್ತೆ.

ಮೊದಲ ಸುತ್ತು ‘ಎನ್’ ಆಯ್ಕೆ ಕೊಟ್ಟು ಓಡಿಸಿ. ಕೆಟ್ಟ ಜಾಗ ಬಂದರೆ ಕೆರೆಯುತ್ತಾ ಕೂರದೆ ದಾಟಿಕೊಂಡು ಹೋಗಿ, ಸುಲಭವಾಗಿ ಸಿಗೋದನ್ನೆಲ್ಲ ಮೊದಲು ತಗೊಳ್ಳುತ್ತೆ. ಸೆಕೆಂಡಿಗೆ 100 ಎಂಬಿ ಸಿಕ್ಕರೆ 1 ಟಿಬಿಗೆ ಮೂರು ತಾಸಿಗೆ ಸ್ವಲ್ಪ ಕಡಿಮೆ. ಡಿಸ್ಕ್‌ನ ಒಳಸುತ್ತಿಗೆ ಹೋದಂತೆ ವೇಗ ಇಳಿಯೋದರಿಂದ ಐದು ತಾಸು ಅಂತಲೇ ಇಟ್ಟುಕೊಳ್ಳಿ. ಎರಡನೇ ಸುತ್ತಿಗೆ ‘ಎನ್’ ತೆಗೆದು ‘ಡಿ’ ಮತ್ತು ‘ಆರ್3’ ಕೊಟ್ಟು, ಅದೇ ಮ್ಯಾಪ್ ಫೈಲ್ ಹೆಸರಿನ ಜೊತೆ ಓಡಿಸಿ. ಬಿಟ್ಟುಹೋದ ಜಾಗಗಳಿಗೆ ಮಾತ್ರ ಮೂರು ಸಲ ಪ್ರಯತ್ನಿಸುತ್ತೆ. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇರೋದರಿಂದ ನಿಂತಲ್ಲಿಂದ ಮುಂದುವರಿಯುತ್ತೆ. ಮುಗಿದ ಮೇಲೆ ಇಮೇಜನ್ನು ರೀಡ್-ಓನ್ಲಿ ಆಗಿ ಮೌಂಟ್ ಮಾಡಿ ಅದರಿಂದ ಫೈಲ್‌ಗಳನ್ನು ಕಾಪಿ ಮಾಡಿಕೊಳ್ಳಿ.

ಡಿಸ್ಕ್ ಟಿಕ್, ಟಿಕ್ ಅಂತ ಒಂದೇ ತಾಳದಲ್ಲಿ ಸದ್ದು ಮಾಡೋಕೆ ಶುರು ಮಾಡಿದರೆ ಅದೇ ಕ್ಷಣ ಕೇಬಲ್ ತೆಗೆಯಿರಿ. ಅದು ಹೆಡ್ ತನ್ನ ಜಾಗ ಸಿಗದೆ ಹಿಂದೆ ಮುಂದೆ ಬಡಿದುಕೊಳ್ಳೋ ಸದ್ದು. ಅಲ್ಲಿಂದ ಮುಂದೆ ಸಾಫ್ಟ್‌ವೇರ್‌ನ ಕೆಲಸ ಮುಗಿಯಿತು, ಧೂಳಿಲ್ಲದ ಕೋಣೆ ಇರೋ ರಿಕವರಿ ಲ್ಯಾಬ್‌ನವರ ಕೆಲಸ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೊರಗೆ ತೆಗೆದೊಡನೆ ತಟ್ಟೆ ಮೇಲೆ ಇಬ್ಬನಿ ಕೂರುತ್ತೆ.

ಉತ್ತರ 4

ಇಮೇಜ್ ಆದ ಮೇಲಿನ ಮಾತು. ಕಾಪಿ ಆಯಿತು ಅನ್ನೋದಕ್ಕೂ ಸರಿಯಾಗಿ ಕಾಪಿ ಆಯಿತು ಅನ್ನೋದಕ್ಕೂ ವ್ಯತ್ಯಾಸ ಇದೆ. ಹೆಚ್ಚಿನವರು ಬಿಡೋದು ಇಲ್ಲೇ.

ಜೆಪೆಗ್ ಫೋಟೋ ಒಂದನ್ನೇ ತಗೊಳ್ಳಿ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಸರಾಸರಿ ಹೊಳಪನ್ನು ಹಿಂದಿನ ಚೌಕಕ್ಕಿಂತ ಎಷ್ಟು ಹೆಚ್ಚು ಕಡಿಮೆ ಅಂತ ಬರೆದಿರುತ್ತಾರೆ. ಅದೂ ಉದ್ದ ಬೇರೆ ಬೇರೆ ಇರೋ ಸಂಕೇತಗಳಲ್ಲಿ, ನಡುವೆ ಬಿಡುವಿಲ್ಲದೆ. ಒಂದು ಬಿಟ್ ತಿರುಗಿದರೆ ಒಂದು ಸಂಕೇತದ ಉದ್ದ ತಪ್ಪುತ್ತೆ, ಅಲ್ಲಿಂದ ಮುಂದಿನದೆಲ್ಲ ತಪ್ಪಾಗಿ ಬಿಡಿಸಲ್ಪಡುತ್ತೆ. ಪರದೆ ಮೇಲೆ ನೋಡಿದರೆ ಮೇಲಿನ ಅರ್ಧ, ತಲೆ, ಮುಖ ಎಲ್ಲ ಸರಿಯಾಗೇ ಇರುತ್ತೆ. ಭುಜದ ಹತ್ತಿರ ಒಂದು ಗೆರೆ ಎಳೆದಹಾಗೆ ಕೆಳಗಿನದು ಪಕ್ಕಕ್ಕೆ ಸರಿದು ಹಸಿರೋ ನೇರಳೆಯೋ ಆಗಿರುತ್ತೆ. ಇನ್ನೂ ಮೋಸ ಅಂದರೆ ಫೈಲ್‌ನ ಆರಂಭದಲ್ಲಿ ಎಕ್ಸಿಫ್ (ತಾರೀಖು, ಕ್ಯಾಮೆರಾ ವಿವರ ಇರೋ) ಭಾಗದೊಳಗೆ ಪುಟ್ಟದೊಂದು ಥಂಬ್‌ನೇಲ್ ಬೇರೆಯಾಗಿ ಇರುತ್ತೆ. ಅದಕ್ಕೇನೂ ಆಗಿರಲ್ಲ. ಅದನ್ನೇ ತೋರಿಸೋ ಪ್ರೋಗ್ರಾಂಗಳಲ್ಲಿ ಸಣ್ಣ ಚಿತ್ರಗಳನ್ನು ನೋಡುತ್ತಾ ಹೋದರೆ ಎಲ್ಲವೂ ಸರಿ ಇದೆ ಅಂತಲೇ ಅನ್ನಿಸುತ್ತೆ.

ಅದಕ್ಕೆ ಹ್ಯಾಶ್ ಪಟ್ಟಿ ಮಾಡಿಡಿ. ಎಸ್‌ಎಚ್‌ಎ-256 ಅನ್ನೋದು ಯಾವ ಫೈಲ್‌ಗಾದರೂ 64 ಅಕ್ಷರದ ಒಂದು ಗುರುತು ಕೊಡುತ್ತೆ. ಒಂದು ಬಿಟ್ ಬದಲಾದರೂ ಆ 64 ಅಕ್ಷರ ಪೂರ್ತಿ ಬೇರೆ ಆಗುತ್ತೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಅನ್ನೋ ಆಜ್ಞೆ ಇದೆ, ಬೇರೇನೂ ಹೇಳದಿದ್ದರೆ ಎಸ್‌ಎಚ್‌ಎ-256 ಅನ್ನೇ ಕೊಡುತ್ತೆ. ಇಡೀ ಫೋಲ್ಡರ್‌ಗೆ ಓಡಿಸಿ ಸಿಎಸ್‌ವಿ ಫೈಲ್ ಆಗಿ ಉಳಿಸಿ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ಅದಕ್ಕೇ ‘ಸಿ’ ಆಯ್ಕೆ ಕೊಟ್ಟರೆ ಹಳೇ ಪಟ್ಟಿಯನ್ನು ತಾನೇ ತಾಳೆ ನೋಡುತ್ತೆ. ಪಟ್ಟಿಯ ಒಂದು ಪ್ರತಿ ಎರಡೂ ಡಿಸ್ಕ್‌ನಲ್ಲಿರಲಿ, ಒಂದು ಮೇಲ್‌ನಲ್ಲೂ ಇರಲಿ. ವರ್ಷಕ್ಕೊಮ್ಮೆ ತಾಳೆ ಹಾಕಿ. ಮೇಲೆ ಎಸ್‌ಎಸ್‌ಡಿಗೆ ಹೇಳಿದ ‘ಪೂರ್ತಿ ಓದಿಸೋ’ ಕೆಲಸವೂ ಇದರಲ್ಲೇ ಆಗಿಹೋಗುತ್ತೆ.

ತಾಳೆ ನೋಡೋ ಮುಂಚೆ ಡಿಸ್ಕ್ ಇಜೆಕ್ಟ್ ಮಾಡಿ ಮತ್ತೆ ಚುಚ್ಚಿ. ಇಲ್ಲದಿದ್ದರೆ ಕೊನೆಗೆ ಕಾಪಿ ಆದ ಕೆಲವು ಜಿಬಿಯನ್ನು ಕಂಪ್ಯೂಟರ್ ತನ್ನ ರ‍್ಯಾಮ್‌ನಿಂದಲೇ ಓದಿ ಸರಿ ಅಂದುಬಿಡುತ್ತೆ, ಡಿಸ್ಕನ್ನು ಮುಟ್ಟೋದೇ ಇಲ್ಲ.

ಹ್ಯಾಶ್ ಒಂದು ಕೆಲಸ ಮಾಡಲ್ಲ: ಈಗಾಗಲೇ ಕೆಟ್ಟಿರೋದನ್ನು ಹಿಡಿಯಲ್ಲ. ನಿಮ್ಮ 2013ರ ಫೋಲ್ಡರನ್ನು ಕಣ್ಣಿಂದ ನೋಡಲೇಬೇಕು, ಪೂರ್ತಿ ಗಾತ್ರದಲ್ಲಿ. ವಿಡಿಯೋಗಳನ್ನು ಎಫ್‌ಎಫ್‌ಎಂಪೆಗ್ ಅನ್ನೋ ಪ್ರೋಗ್ರಾಂನಿಂದ ಮೊದಲಿಂದ ಕೊನೆವರೆಗೆ ಡಿಕೋಡ್ ಮಾಡಿಸಿ, ತಪ್ಪು ಸಂದೇಶ ಮಾತ್ರ ತೋರಿಸು ಅಂತ ಕೊಟ್ಟರೆ ಯಾವುದು ಹರಿದಿದೆ ಅಂತ ಗೊತ್ತಾಗುತ್ತೆ.

ವಿಂಡೋಸ್‌ನ ಕಾಪಿ ಆಜ್ಞೆ ರೋಬೋಕಾಪಿ ಬಳಸುವವರಿಗೆ ಎಚ್ಚರಿಕೆ. ‘ಎಂಐಆರ್’ ಆಯ್ಕೆ ಗುರಿಯನ್ನು ಮೂಲದ ಕನ್ನಡಿ ಮಾಡುತ್ತೆ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸಿಹಾಕುತ್ತೆ, ರೀಸೈಕಲ್ ಬಿನ್‌ಗೂ ಹೋಗಲ್ಲ. ಮೂಲ ಡಿಸ್ಕ್‌ನ ಒಂದು ಫೋಲ್ಡರ್ ತಪ್ಪಿ ಖಾಲಿಯಾಗಿದ್ದ ದಿನ ಇದನ್ನು ಓಡಿಸಿದರೆ ಒಳ್ಳೆ ಪ್ರತಿಯೂ ಖಾಲಿ. ಬರೀ ‘ಇ’ ಸಾಕು.

ಫಾರ್ಮ್ಯಾಟ್ ಬಗ್ಗೆ ಕೇಳಿದ್ದಿರಿ. ಎರಡೂ ಕಡೆ ಓದಿ ಬರೆಯೋಕೆ ಎಕ್ಸ್‌ಫ್ಯಾಟ್. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತೆ, ಬರೆಯಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೋ ಹಿಡಿಯಲ್ಲ. ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಅಂದರೆ ಬರೆಯೋ ನಡುವೆ ಕೇಬಲ್ ಕಿತ್ತರೆ ಎಲ್ಲಿಗೆ ನಿಂತಿತ್ತು ಅನ್ನೋ ದಾಖಲೆ ಇರಲ್ಲ. ಹಾಗಾಗಿ ಇಜೆಕ್ಟ್ ಮಾಡದೆ ತೆಗೆಯಲೇಬಾರದು. ನನ್ನ ಸಲಹೆ, ಓಡಾಡೋ ಡಿಸ್ಕ್ ಎಕ್ಸ್‌ಫ್ಯಾಟ್ ಇರಲಿ. ದೂರ ಇಡೋ ಡಿಸ್ಕ್‌ಗೆ ವಿಂಡೋಸ್‌ನಿಂದ ಮಾತ್ರ ಬರೆಯೋದಾದರೆ ಎನ್‌ಟಿಎಫ್‌ಎಸ್ ಇರಲಿ. ಮ್ಯಾಕ್‌ಗೆ ಹಾಕಿದ ಮೇಲೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗೋ ಪುಟ್ಟ ಫೈಲ್‌ಗಳು ಎಲ್ಲೆಡೆ ಕಾಣಿಸುತ್ತವೆ. ವೈರಸ್ ಅಲ್ಲ, ಮ್ಯಾಕ್ ತನ್ನ ಟಿಪ್ಪಣಿ ಇಟ್ಟುಕೊಳ್ಳೋ ರೀತಿ.

ಫೋಲ್ಡರ್ ಹೆಸರುಗಳನ್ನು ಕನ್ನಡದಲ್ಲಿ ಇಟ್ಟಿದ್ದರೆ ಇನ್ನೊಂದು ಮಾತು. ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟ್ ಅಕ್ಷರಗಳನ್ನು ಬಿಡಿಸಿ ಬರೆಯುತ್ತೆ. ‘ಫೋಟೋ’ ಅನ್ನೋ ಹೆಸರಿನಲ್ಲಿರೋ ಓಕಾರದ ಚಿಹ್ನೆ ವಿಂಡೋಸ್‌ನಲ್ಲಿ ಟೈಪ್ ಮಾಡಿದಾಗ ಒಂದೇ ಯೂನಿಕೋಡ್ ಸಂಕೇತ. ಅಲ್ಲಿ ಅದೇ ಮೂರು ಸಂಕೇತ, ಎಕಾರ, ಊಕಾರ, ಮೇಲೊಂದು ದೀರ್ಘದ ಗುರುತು. ಕಣ್ಣಿಗೆ ಎರಡೂ ಒಂದೇ. ಹೋಲಿಸೋ ಸಾಫ್ಟ್‌ವೇರ್‌ಗೆ ಎರಡು ಬೇರೆ ಫೋಲ್ಡರ್. ಈಕಾರ, ಏಕಾರ, ಐಕಾರ, ಒಕಾರಕ್ಕೂ ಇದೇ ಕಥೆ. ಒಂದೇ ಹೆಸರಿನ ಎರಡು ಫೋಲ್ಡರ್ ಕಂಡು ‘ಡಬಲ್ ಆಗಿದೆ’ ಅಂತ ಒಂದನ್ನು ಅಳಿಸೋಕೆ ಹೋಗಬೇಡಿ, ಒಳಗೆ ಬೇರೆ ಬೇರೆ ಫೋಟೋ ಇರಬಹುದು. ಮೇಲಿನ ಹಂತದ ಫೋಲ್ಡರ್‌ಗಳಿಗೆ 2013-05 ಅಂತ ಅಂಕಿಯ ಹೆಸರಿಟ್ಟರೆ ಈ ತಾಪತ್ರಯ ಇಲ್ಲ, ಸಾಲಾಗಿಯೂ ಕೂರುತ್ತವೆ.

ಉತ್ತರ 5

ಕ್ಲೌಡ್ ಬಗ್ಗೆ ಯಾರೂ ಹೇಳಲಿಲ್ಲ. ಸಿಂಕ್ ಆಗುತ್ತಿದೆ ಅಂದಿರಿ. ಸಿಂಕ್ ಅಂದರೆ ಡಿಲೀಟ್ ಕೂಡ ಸಿಂಕ್. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಅಳಿಸಿದರೆ ಕಸದ ಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಕಾಯಂ ಹೋಗುತ್ತೆ. ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಕ್ವಾಲಿಟಿ’ ಇದೆಯಾ ನೋಡಿ. ‘ಸ್ಟೋರೇಜ್ ಸೇವರ್’ ಇದ್ದರೆ ಫೋಟೋಗಳನ್ನು ಕುಗ್ಗಿಸುತ್ತೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡವನ್ನು ಅಷ್ಟಕ್ಕೆ ಇಳಿಸುತ್ತೆ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಬಹುದು ಅನ್ನೋ ನಿಯಮವೂ ಇದೆ.

ಆದರೂ ಮೂರನೇ ಪ್ರತಿಯಾಗಿ ಕ್ಲೌಡ್ ಒಳ್ಳೆಯದೇ, ಮನೆಗೆ ಏನಾದರೂ ಅದಕ್ಕೆ ಏನೂ ಆಗಲ್ಲ. ಮುಂಚೆ ಲೆಕ್ಕ ಹಾಕಿ: ಅಪ್‌ಲೋಡ್ ವೇಗ 10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1.25 ಮೆಗಾಬೈಟ್. 600 ಜಿಬಿಗೆ ಹಗಲು ರಾತ್ರಿ ಬಿಡದೆ ಐದೂವರೆ ದಿನ. ವರ್ಷ ವರ್ಷವಾಗಿ ಕಳಿಸಿ, ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ಇಡಿ.

ವಾಪಸ್ ತರೋದನ್ನೂ ಒಮ್ಮೆ ಮಾಡಿ ನೋಡಿ. ಗೂಗಲ್ ಟೇಕ್‌ಔಟ್‌ನಲ್ಲಿ ಕೇಳಿದರೆ ಜಿಪ್ ಫೈಲ್‌ಗಳಾಗಿ ಬರುತ್ತೆ, ಒಂದೊಂದು ಫೋಟೋ ಪಕ್ಕ ಒಂದೊಂದು ಜೇಸನ್ ಫೈಲ್ ಇರುತ್ತೆ. ಬೇಡದ ಕಸ ಅಂತ ಅಳಿಸಬೇಡಿ. ಕ್ಯಾಮೆರಾದಲ್ಲಿ ತೆಗೆದ ಫೋಟೋದ ತಾರೀಖು ಅದರೊಳಗೇ ಎಕ್ಸಿಫ್‌ನಲ್ಲಿ ಇರುತ್ತೆ. ವಾಟ್ಸಾಪ್‌ನಿಂದ ಬಂದವಕ್ಕೆ ಎಕ್ಸಿಫ್ ಇರಲ್ಲ, ಸ್ಕ್ಯಾನ್ ಮಾಡಿದ ಹಳೇ ಫೋಟೋಗಳಿಗೆ ನೀವು ಕೈಯಿಂದ ತಿದ್ದಿದ ತಾರೀಖು ಇರೋದೂ ಆ ಜೇಸನ್‌ನಲ್ಲಿ ಮಾತ್ರ. ಎಕ್ಸಿಫ್‌ಟೂಲ್‌ನಿಂದ ಅದನ್ನು ಫೋಟೋದೊಳಗೆ ಬರೆಸಿದ ಮೇಲೆ ಬೇಕಾದರೆ ತೆಗೆಯಿರಿ.

ಮತ್ತೆ ಪ್ರಶ್ನೆ ಕೇಳಿದವರು

2 ಟಿಬಿ ಡಿಸ್ಕ್ ತಂದು ಮೊದಲ ಸುತ್ತು ಓಡಿಸಿದೆ. ಬಿಟ್ಟುಹೋದದ್ದು ಒಟ್ಟು 4096 ಬೈಟ್ ಅಂತ ತೋರಿಸುತ್ತಿದೆ. ಯಾವ ಫೋಟೋ ಅಂತ ತಿಳಿಯೋಕೆ ದಾರಿ ಇದೆಯಾ? ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎರಡನೇ ಪ್ರತಿಗೆ ಬಳಸಬಹುದಾ?

ಉತ್ತರ 1

ಒಳ್ಳೆಯದಾಯಿತು. ಎರಡನೇ ಸುತ್ತನ್ನೂ ಓಡಿಸಿ, ಕೆಲವೊಮ್ಮೆ ಆಗ ಸಿಕ್ಕಿಬಿಡುತ್ತೆ. ಸಿಗದಿದ್ದರೆ ಡಿಡಿರೆಸ್ಕ್ಯೂನ ‘ಫಿಲ್’ ಆಯ್ಕೆ ಇದೆ: ಒಂದು ಪುಟ್ಟ ಫೈಲ್‌ನಲ್ಲಿ ಬೇರೆಲ್ಲೂ ಬರಲಾರದ ಪದ ಬರೆದಿಟ್ಟು, ಇಮೇಜ್‌ನಲ್ಲಿ ಮ್ಯಾಪ್ ಫೈಲ್‌ನ ಮೈನಸ್ ಗುರುತಿನ (ಓದೋಕೆ ಆಗದ) ಜಾಗಗಳನ್ನು ಮಾತ್ರ ಆ ಪದದಿಂದ ತುಂಬಿಸು ಅಂತ ಹೇಳಬಹುದು. ಮ್ಯಾಪ್ ಫೈಲ್‌ನ ಒಂದು ಪ್ರತಿ ಇಟ್ಟುಕೊಂಡು ಆ ಪ್ರತಿಯನ್ನೇ ಇದಕ್ಕೆ ಕೊಡಿ, ಮತ್ತು ಗುರಿಯ ಜಾಗದಲ್ಲಿ ಇಮೇಜ್ ಫೈಲ್ ಹೆಸರೇ ಇರಬೇಕು, ಡಿಸ್ಕ್‌ನದಲ್ಲ. ಆಮೇಲೆ ಮೌಂಟ್ ಮಾಡಿ ಗ್ರೆಪ್‌ನಿಂದ ಆ ಪದ ಹುಡುಕಿದರೆ ಯಾವ ಫೈಲ್ ಅಂತ ನೇರವಾಗಿ ಹೆಸರು ಬರುತ್ತೆ. ಏನೂ ಬರದಿದ್ದರೆ ಆ ಜಾಗದಲ್ಲಿ ಫೈಲ್ ಇರಲಿಲ್ಲ, ಫೋಲ್ಡರ್‌ನ ಪಟ್ಟಿ ಇತ್ತು ಅಥವಾ ಖಾಲಿ ಜಾಗ. ಪಟ್ಟಿಯೇ ಹೋಗಿದ್ದರೆ ಫೋಟೋರೆಕ್ ಅನ್ನೋ ರಿಕವರಿ ಪ್ರೋಗ್ರಾಂ ಅನ್ನು ಇಮೇಜ್ ಮೇಲೆ ಓಡಿಸಿ. ಹೆಸರು ಬರಲ್ಲ, ಫೋಟೋ ಬರುತ್ತೆ, ತಾರೀಖನ್ನು ಎಕ್ಸಿಫ್‌ನಿಂದ ಮರಳಿ ಜೋಡಿಸಬಹುದು.

ಹಳೇ ಡಿಸ್ಕನ್ನು ಎರಡನೇ ಪ್ರತಿ ಅಂತ ಎಣಿಸಬೇಡಿ, ಫಾರ್ಮ್ಯಾಟ್ ಕೂಡ ಮಾಡಬೇಡಿ. ಹೊಸ ಎರಡು ಡಿಸ್ಕ್‌ನ ಹ್ಯಾಶ್ ತಾಳೆ ಆಗೋವರೆಗೆ ಅದನ್ನು ಇದ್ದಹಾಗೇ ಇಡಿ, ಮೇಲೊಂದು ಚೀಟಿ ಅಂಟಿಸಿ: ಸಿ5 ಎಂಟು, ಇವತ್ತಿನ ತಾರೀಖು, ಬರೆಯಬಾರದು.